ಬೂಷ್ಟಿಗೆ ಬೇವಿನ ಸೊಪ್ಪು

ರೊಟ್ಟಿ ಮೇಲೆ ಬರುವ ಬೂಷ್ಟು ಒಂದು ಶಿಲೀಂಧ್ರ. ಒದ್ದೆ ಶೇಂಗಾಕ್ಕೂ ಅದು ಹಿಡಿಯುತ್ತೆ. ಬೇವಿನ ಸೊಪ್ಪು ಹಾಕಿದರೆ ಬೂಷ್ಟು ಬರಲ್ಲ ಅಂತ ನಮ್ಮಜ್ಜಿ ಹೇಳ್ತಾರೆ. ನಿಜವೇ ಎಂದು ಪರೀಕ್ಷೆ ಮಾಡಿದೆವು.

ಒಂದೇ ರಾಗಿ ರೊಟ್ಟಿಯನ್ನು ಮೂರು ತುಂಡು ಮಾಡಿದೆವು. ಸೊಪ್ಪನ್ನು ನೀರು ಹಾಕಿ ಅರೆದು ಬಟ್ಟೆಯಲ್ಲಿ ಸೋಸಿದೆವು. ಒಂದು ತುಂಡಿಗೆ ಬೇವಿನ ರಸ, ಒಂದಕ್ಕೆ ಲಕ್ಕಿ ರಸ, ಇನ್ನೊಂದಕ್ಕೆ ಬರೀ ನೀರು, ಒಂದೊಂದೇ ಚಮಚ. ಬೇರೆ ಬೇರೆ ಡಬ್ಬಿಯಲ್ಲಿ ಮುಚ್ಚಿ ಒಂದೇ ಕಡೆ ಇಟ್ಟೆವು. ಬರೀ ನೀರು ಯಾಕೆ ಅಂತ ಎಲ್ಲರೂ ಕೇಳಿದರು. ಆ ತುಂಡು ಇಲ್ಲದಿದ್ದರೆ, ಬೂಷ್ಟು ತಡವಾದದ್ದು ಸೊಪ್ಪಿನಿಂದಲೋ ಹವೆಯಿಂದಲೋ ಹೇಗೆ ಗೊತ್ತಾಗಬೇಕು?

ನೀರಿನ ತುಂಡಿಗೆ ಮೂರನೇ ದಿನವೇ ಹತ್ತಿಯಂತೆ ಬಿಳಿ ಬೂಷ್ಟು ಬಂತು. ಲಕ್ಕಿಯದಕ್ಕೆ ನಾಲ್ಕನೇ ದಿನ. ಬೇವಿನದಕ್ಕೆ ಆರನೇ ದಿನ, ಅದೂ ಅಂಚಿನಲ್ಲಿ ಮಾತ್ರ. ಬೇವು ತಡ ಮಾಡಿತು, ಪೂರ್ತಿ ನಿಲ್ಲಿಸಲಿಲ್ಲ. ಅಜ್ಜಿ ಮಾತು ಅರ್ಧ ನಿಜ! ಇನ್ನೆರಡು ಸಲ ಮಾಡಿ ನೋಡುತ್ತೇವೆ.

ಆದರೆ ಬೂಷ್ಟು ಹಿಡಿದ ಶೇಂಗಾವನ್ನು ತೊಳೆದು ಹುರಿದು ತಿನ್ನಬೇಡಿ. ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಅಂಥ ಶೇಂಗಾ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಈ ವಿಷ ಪತ್ತೆಯಾದದ್ದೇ ಆಮೇಲೆ.