ಕಿಟ್ ಬಂದ ಮೇಲಿನ ಮಾತು

ಪ್ರೀತಿಯ ಮಗಳೇ,

ಸರ್ಕಾರಿ ಪ್ರೌಢಶಾಲೆಗೆ ವಿಜ್ಞಾನ ಶಿಕ್ಷಕಿಯಾಗಿ ಸೇರಿ ವರ್ಷ ತುಂಬುವ ಮೊದಲೇ ರೋಬೋಟಿಕ್ಸ್ ಕ್ಲಬ್ ಕಟ್ಟಲು ಹೊರಟಿದ್ದೀಯ. ಸರ್ಕಾರದ ದುಡ್ಡು ಸಿಕ್ಕರೆ ಮುಕ್ಕಾಲು ಕೆಲಸ ಆದಂತೆ ಎನ್ನುವುದು ನಿನ್ನ ಲೆಕ್ಕ. ಆ ಲೆಕ್ಕವನ್ನು ಇನ್ನೊಮ್ಮೆ ಕೂಡಿ ನೋಡು.

ದುಡ್ಡಿಗೆ ದಾರಿ ಇದೆ. ನೀತಿ ಆಯೋಗದ ಅಟಲ್ ಇನ್ನೋವೇಷನ್ ಮಿಷನ್ 2016ರಲ್ಲಿ ಶುರುವಾದ ಮೇಲೆ ದೇಶದ 10,000 ಶಾಲೆಗಳಿಗೆ, ಮಕ್ಕಳು ಕೈಯಾರೆ ಮಾಡಿ ಕಲಿಯುವ ಟಿಂಕರಿಂಗ್ ಲ್ಯಾಬ್ ಬಂದಿದೆ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿ ಸಿಗುತ್ತಿತ್ತು. ಅರ್ಧ ಸಲಕರಣೆಗೆ, ಇನ್ನರ್ಧ ಐದು ವರ್ಷದ ನಿರ್ವಹಣೆಗೆ. ಬಯಲುಸೀಮೆಯ ಶಾಲೆಯಾದರೆ 1,500 ಚದರ ಅಡಿ ಜಾಗವೂ ಬೇಕಿತ್ತು. ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುವ ಶಾಲೆ ಅಷ್ಟು ಜಾಗ ಎಲ್ಲಿಂದ ತರಬೇಕು? 2025ರ ಕೇಂದ್ರ ಬಜೆಟ್‌ನಲ್ಲಿ ಇನ್ನೂ 50,000 ಲ್ಯಾಬ್‌ಗಳನ್ನು, ಅದೂ ಸರ್ಕಾರಿ ಶಾಲೆಗಳಿಗೇ, ಐದು ವರ್ಷಗಳಲ್ಲಿ ಕೊಡುವ ಘೋಷಣೆಯಾಗಿದೆ. ನಿಮ್ಮ ಶಾಲೆಗೂ ಸರದಿ ಬಂದೀತು.

ಕಷ್ಟ ಶುರುವಾಗುವುದು ಪೆಟ್ಟಿಗೆಗಳು ಬಂದು ಇಳಿದ ದಿನದಿಂದ. ಪ್ರತಿ ಸಾಮಾನೂ ಸ್ಟಾಕ್ ರಿಜಿಸ್ಟರಿಗೆ ಏರುತ್ತದೆ. ಒಂದು ಸೆನ್ಸರ್ ಸುಟ್ಟರೆ ಉತ್ತರ ಹೇಳಬೇಕಾದವರು ಶಿಕ್ಷಕರು. ಆ ಅಂಜಿಕೆಗೇ ಬೀರುವಿಗೆ ಬೀಗ ಬೀಳುತ್ತದೆ. ತಪಾಸಣೆಗೆ ಯಾರಾದರೂ ಬಂದಾಗ ಮಾತ್ರ ತೆರೆಯುತ್ತದೆ.

ಪಕ್ಕದ ಕೇರಳ ಇದನ್ನು ಬೇರೆ ತುದಿಯಿಂದ ಹಿಡಿದುಕೊಂಡಿತು. ಅಲ್ಲಿನ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ‘ಕೈಟ್’ 2018ರಲ್ಲಿ ‘ಲಿಟಲ್ ಕೈಟ್ಸ್’ ಎಂಬ ಕ್ಲಬ್ಬುಗಳನ್ನು ಹುಟ್ಟುಹಾಕಿತು. ಎಂಟನೇ ತರಗತಿಯ ಮಕ್ಕಳನ್ನು ಅಭಿರುಚಿ ಪರೀಕ್ಷೆ ಮಾಡಿ ಸೇರಿಸಿಕೊಂಡರು, ಪ್ರತಿ ಶಾಲೆಯಲ್ಲೂ ಶಿಕ್ಷಕರಿಗೆ ತರಬೇತಿ ಕೊಟ್ಟು ಹೊಣೆ ಒಪ್ಪಿಸಿದರು, ಶಾಲೆಯಿಂದ ರಾಜ್ಯ ಮಟ್ಟದವರೆಗೆ ಶಿಬಿರಗಳನ್ನು ನಡೆಸಿದರು. ಸುಮಾರು 2,000 ಶಾಲೆಗಳಿಗೆ 9,000 ರೋಬೋಟಿಕ್ ಕಿಟ್ ಹಂಚಿದ್ದು ಆಮೇಲೆ, 2022ರ ಡಿಸೆಂಬರಿನಲ್ಲಿ. ಮೊದಲು ಮಾಸ್ತರು, ಆಮೇಲೆ ಕಿಟ್ಟು. 2025ರಿಂದ ಅಲ್ಲಿನ ಹತ್ತನೇ ತರಗತಿಯ ಐಸಿಟಿ (ಮಾಹಿತಿ ತಂತ್ರಜ್ಞಾನ) ಪಠ್ಯದಲ್ಲಿ ರೋಬೋಟಿಕ್ಸ್ ಎಲ್ಲ ಮಕ್ಕಳಿಗೂ ಪಾಠವಾಗಿದೆ. ನಮ್ಮ ರಾಜ್ಯಕ್ಕೂ ಇದೇ ಸರಿಯಾದ ಕ್ರಮ.

ಕೇರಳದ ಆ ಕಿಟ್ಟಿನಲ್ಲಿದ್ದದ್ದೂ ದೊಡ್ಡ ಸಾಮಾನೇನಲ್ಲ: ಆರ್ಡುಯಿನೋ ಬೋರ್ಡು, ಪುಟ್ಟ ಸರ್ವೋ ಮೋಟರು, ಇನ್‌ಫ್ರಾರೆಡ್ ಸೆನ್ಸರು, ಬಜರು, ಬ್ರೆಡ್‌ಬೋರ್ಡು, ಒಂದಿಷ್ಟು ವೈರು. ಜೊತೆಗೆ ಎರಡು ಚಕ್ರ, ಎರಡು ಮೋಟರು, ಮೋಟರ್ ಡ್ರೈವರು, ಬ್ಯಾಟರಿ ಕೊಂಡರೆ ಗೆರೆ ಹಿಡಿದು ಓಡುವ ಗಾಡಿ ಮಾಡಬಹುದು. ಬಿಳಿ ಚಾರ್ಟ್ ಹಾಳೆಯ ಮೇಲೆ ಕರೀ ಇನ್ಸುಲೇಷನ್ ಟೇಪು ಅಂಟಿಸಿ ಗಾಡಿ ಬಿಡು. ಬಿಳಿ ಹಾಳೆ ಸೆನ್ಸರಿನ ಇನ್‌ಫ್ರಾರೆಡ್ ಬೆಳಕನ್ನು ಮರಳಿಸುತ್ತದೆ, ಕರೀ ಟೇಪು ನುಂಗುತ್ತದೆ. ಆ ವ್ಯತ್ಯಾಸವೇ ಗಾಡಿಯ ಕಣ್ಣು. ನೆರಳಲ್ಲಿ ಚೆನ್ನಾಗಿ ಓಡಿದ ಗಾಡಿ ಕಿಟಕಿ ಬಳಿ ಬಂದಾಗ ಹಾದಿ ತಪ್ಪುತ್ತದೆ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆಯಲ್ಲ! ಇದನ್ನು ನೀನಾಗಿ ಹೇಳಿಬಿಡಬೇಡ. ಸೆನ್ಸರಿನ ಮೇಲಿರುವ ನೀಲಿ ತಿರುಪನ್ನು ಸ್ಕ್ರೂಡ್ರೈವರಿನಿಂದ ತಿರುಗಿಸುತ್ತಾ, ಕಿಟಕಿಗೆ ರಟ್ಟು ಅಡ್ಡ ಹಿಡಿಯುತ್ತಾ ಮಕ್ಕಳೇ ಕಂಡುಕೊಳ್ಳಲಿ. ಒಂದು ಪಿರಿಯಡ್ ಹೋದರೆ ಹೋಗಲಿ.

ಇನ್ನು ಸ್ಪರ್ಧೆಯ ವಿಷಯ. ಅಮೆರಿಕದಲ್ಲಿ ಡೀನ್ ಕಾಮೆನ್ 1989ರಲ್ಲಿ ‘ಫಸ್ಟ್’ ಸಂಸ್ಥೆ ಕಟ್ಟಿದರು. ಅದರ ಮೊದಲ ರೋಬೋಟ್ ಸ್ಪರ್ಧೆ 1992ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಒಂದು ಶಾಲೆಯ ಜಿಮ್‌ನಲ್ಲಿ, 28 ತಂಡಗಳೊಂದಿಗೆ ನಡೆಯಿತು. ಈಗ ಅದರಲ್ಲಿ ಮೂರು ಮೂರು ತಂಡಗಳು ಒಂದು ಕೂಟವಾಗಿ ಆಡುತ್ತವೆ. ಈ ಪಂದ್ಯದ ಎದುರಾಳಿ ಮುಂದಿನ ಪಂದ್ಯದಲ್ಲಿ ಜೊತೆಗಾರನಾಗಬಹುದು, ಹಾಗಾಗಿ ಒಬ್ಬರಿಗೊಬ್ಬರು ಬ್ಯಾಟರಿ, ಬೋಲ್ಟು ಕೊಟ್ಟುಕೊಳ್ಳುತ್ತಾರೆ. ಕಾರು ತಯಾರಿಕೆಯ ಮಿಷಿಗನ್ ರಾಜ್ಯದಲ್ಲಿ 2009ರಲ್ಲಿ ದೂರದ ದೊಡ್ಡ ಮೇಳಗಳ ಬದಲು ಹತ್ತಿರದ ಶಾಲೆಗಳಲ್ಲೇ ಸಣ್ಣ ಸ್ಪರ್ಧೆಗಳನ್ನು ಏರ್ಪಡಿಸಿದರು. ಆಮೇಲೆ ರಾಜ್ಯದ ಶಾಲಾ ಅನುದಾನ ಕಾನೂನಿನಲ್ಲೇ ರೋಬೋಟಿಕ್ಸ್ ತಂಡಗಳಿಗೆ ಹಣ ಇಟ್ಟರು. ಪ್ರವೇಶ ಶುಲ್ಕದ ಜೊತೆಗೆ ತಂಡವನ್ನು ಪಳಗಿಸುವ ಶಿಕ್ಷಕರ ಗೌರವಧನಕ್ಕೂ ಅದರಲ್ಲಿ ಜಾಗವಿತ್ತು. ಸಂಜೆ ಐದರ ನಂತರದ ದುಡಿಮೆಯೂ ದುಡಿಮೆಯೇ ಎಂದು ಒಂದು ಸರ್ಕಾರ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಆದ್ದರಿಂದ ಅರ್ಜಿ ಬರೆಯುವಾಗ ಕಿಟ್ಟಿನ ಬೆಲೆಯನ್ನಷ್ಟೇ ಬರೆಯಬೇಡ. ಮುರಿಯುವ, ಸುಡುವ ಸಾಮಾನಿಗೆ ಬೇರೆ ಸಾಲು ಹಾಕು. ಸ್ಪರ್ಧೆಗೆ ಪಕ್ಕದ ಊರಿನ ಶಾಲೆಗೆ ಹೋಗಿಬರುವ ಬಸ್ ಚಾರ್ಜನ್ನೂ ಸೇರಿಸು. ವಾರಕ್ಕೆ ಎರಡು ಪಿರಿಯಡ್ ಕ್ಲಬ್ಬಿಗೆ ಮೀಸಲಿಡುವುದಾಗಿ ಮುಖ್ಯೋಪಾಧ್ಯಾಯರಿಂದ ಬರಹದಲ್ಲಿ ಪಡೆದುಕೋ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಠರಾವು ಮಾಡಿಸು. ಇನ್ನೊಂದು ಮಾತು: ಹೆಣ್ಣುಮಕ್ಕಳನ್ನು ಚಾರ್ಟ್ ಬರೆಯಲು ಕೂರಿಸಿ ಗಂಡುಮಕ್ಕಳ ಕೈಗೆ ಸ್ಕ್ರೂಡ್ರೈವರ್ ಕೊಡುವ ತಪ್ಪು ನಿನ್ನಿಂದ ಆಗದಿರಲಿ.

ಗ್ರಾಂಟಿಗೆ ಕಾಯುತ್ತಾ ಕೂರಬೇಡ. ಬರುವ ಶನಿವಾರ, ಬೆಳಗಿನ ಶಾಲೆ ಮುಗಿದ ಮೇಲೆ, ಒಂದು ಬೋರ್ಡು, ಒಂದು ಸೆನ್ಸರು, ಒಂದು ಸುರುಳಿ ಟೇಪು ಇಟ್ಟುಕೊಂಡು ಮಕ್ಕಳನ್ನು ಕರೆ. ಗಾಡಿ ಕಿಟಕಿ ದಾಟಿದ ದಿನ ಒಂದು ಸಾಲು ಬರೆದು ತಿಳಿಸು.