ಚಿಲಕವಿಲ್ಲದ ಬಚ್ಚಲು

ರಾಣೆಬೆನ್ನೂರಿನ ತಂಗಿಗೆ, ಬ್ಯಾಡಗಿಯಿಂದ ದೊಡ್ಡವ್ವನ ಆಶೀರ್ವಾದ.

ನಿನ್ನಂಥ ಇನ್ನೆಷ್ಟೋ ಮಕ್ಕಳು ಓದಲಿ ಎಂದು ಈ ಪತ್ರವನ್ನು ಪತ್ರಿಕೆಗೇ ಕೊಡುತ್ತಿದ್ದೇನೆ, ನಿನ್ನ ಹೆಸರು ಬರೆದಿಲ್ಲ.

ಮೂರ್ಛೆರೋಗ ಎಂದು ಡಾಕ್ಟರು ಹೇಳಿದಂದಿನಿಂದ ನೀನು ಕಾಲೇಜಿಗೆ ಹೋಗುತ್ತಿಲ್ಲವಂತೆ. ಜಳಕಕ್ಕೆ ಹೋದರೆ ಅವ್ವ ಬಾಗಿಲಲ್ಲೇ ನಿಲ್ಲುತ್ತಾಳೆಂದು ಸಿಟ್ಟಿಗೇಳುತ್ತೀಯಂತೆ. ಏಳು. ಆ ಸಿಟ್ಟು ನನಗೆ ಗೊತ್ತು.

ನನಗೆ ಮೊದಲ ಸಲ ಫಿಟ್ಸ್ ಬಂದದ್ದು ಇದೇ ಮನೆಯಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ತಲೆ ಎರಕೊಳ್ಳುವಾಗ. ಹಂಡೆಯ ಸುಡುನೀರು, ತಂಬಿಗೆಯ ಮೇಲೆ ತಂಬಿಗೆ. ಐದನೆಯದನ್ನು ಎತ್ತಿದ್ದು ನೆನಪಿದೆ. ಆಮೇಲೆ ನೆನಪಿರುವುದು ಅಂಗೈಗೆ ಒತ್ತಿ ಹಿಡಿಸಿದ್ದ ಕೀಲಿಕೈ ಗೊಂಚಲು, ಅದರ ತಣ್ಣನೆಯ ಹಲ್ಲುಗಳು, ಯಾರೋ ಹೊದಿಸಿದ್ದ ಸೀರೆ. ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹೆಂಗಸರೆಲ್ಲ ಬಾಗಿಲಿಗೆ ಮುತ್ತಿದ್ದರು, ಅವರ ಕೈಯ ಘಾಟು ಬಚ್ಚಲು ತುಂಬಿತ್ತು. ಆ ನಾಚಿಕೆಯನ್ನು ಹತ್ತು ವರ್ಷ ಹೊತ್ತೆ.

ತಲೆಗೆ ಬಿಸಿನೀರು ಬಿದ್ದು ಬರುವ ಈ ಬಗೆಯ ಮೂರ್ಛೆ ನಮ್ಮ ಕರ್ನಾಟಕದಲ್ಲಿ ಹೊಸದೇನಲ್ಲ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇಂಥ 279 ಜನರ ಅಧ್ಯಯನವನ್ನು 1988ರಲ್ಲೇ ಪ್ರಕಟಿಸಿದ್ದಾರೆ. ಆ ಅಂಕಿ ಕೇಳಿದ ದಿನ ಅತ್ತುಬಿಟ್ಟೆ. ಅಷ್ಟು ಮಂದಿ, ಅಷ್ಟು ಬಚ್ಚಲು! ನಾನೊಬ್ಬಳೇ ಎಂದುಕೊಂಡಿದ್ದೆ. ಗಾಳಿ ಸೋಕಿದ್ದೂ ಅಲ್ಲ, ಯಾರ ಶಾಪವೂ ಅಲ್ಲ. ಮಿದುಳಿನೊಳಗಿನ ವಿದ್ಯುತ್ತು ಸ್ವಲ್ಪ ಹೊತ್ತು ಹದ ತಪ್ಪುತ್ತದೆ, ಅಷ್ಟೇ.

ಅಪ್ಪ ನನ್ನ ಲಗ್ನದಲ್ಲಿ ಇದನ್ನು ಮುಚ್ಚಿಟ್ಟ. ಅವನನ್ನು ದೂರಲಾರೆ, ಆಗ ಹಿಂದೂ ವಿವಾಹ ಕಾಯ್ದೆಯೇ ಮೂರ್ಛೆರೋಗವನ್ನು ಮದುವೆಗೆ ಅಡ್ಡಿ ಎನ್ನುತ್ತಿತ್ತು. 1999ರಲ್ಲಿ ಆ ಶಬ್ದ ತೆಗೆದರು. ನಾನು ಗುಳಿಗೆಯನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ಕದ್ದು ನುಂಗುತ್ತಿದ್ದೆ. ಬೀಗರು ಬಂದ ದಿನ ನುಂಗಲಾಗುತ್ತಿರಲಿಲ್ಲ. ಅಂಥದೇ ಒಂದು ದಿನ ಒಲೆ ಮುಂದೆ ಬಿದ್ದೆ. ಎಲ್ಲ ಗೊತ್ತಾದ ಮೇಲೆ ನಿಮ್ಮ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: “ಇಷ್ಟ ದಿನ ಒಬ್ಬಾಕೀನ ಯಾಕ ಅಂಜಕೋತ ಕುಂತಿದ್ದಿ?” ರೋಗಕ್ಕಿಂತ ಆ ಮುಚ್ಚುಮರೆಯೇ ನನ್ನನ್ನು ಹೆಚ್ಚು ದಣಿಸಿತ್ತು. ಆಮೇಲೆ ಹಾವೇರಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೆ, ತಂಗಿ.

ಅದಕ್ಕೇ ಹೇಳುತ್ತೇನೆ, ಕಾಲೇಜಿನಲ್ಲಿ ಇಬ್ಬರು ಗೆಳತಿಯರಿಗಾದರೂ ತಿಳಿಸು. ಬಿದ್ದರೆ ಮಗ್ಗುಲಿಗೆ ಹೊರಳಿಸಲಿ, ಬಾಯಿಗೆ ಏನೂ ತುರುಕುವುದು ಬೇಡ, ಕೈಗೆ ಕೀಲಿಕೈ, ಕಬ್ಬಿಣ ಹಿಡಿಸುವುದೂ ಬೇಡ. ಐದು ನಿಮಿಷ ದಾಟಿದರೆ ದವಾಖಾನೆಗೆ ಒಯ್ಯಲಿ. ಡಾಕ್ಟರನ್ನು ಕೇಳದೆ ಗುಳಿಗೆ ಬಿಡಬೇಡ. ತಲೆಗೆ ಉಗುರುಬೆಚ್ಚಗಿನ ನೀರು ಸಾಕು. ಯಾಕೆ ಬದುಕಬೇಕು ಎನ್ನಿಸುವ ರಾತ್ರಿಗಳೂ ಬರುತ್ತವೆ, ನನಗೂ ಬಂದಿದ್ದವು. ಆಗ ಅವ್ವನನ್ನು ಎಬ್ಬಿಸು, ಇಲ್ಲವೇ 14416ಕ್ಕೆ ಫೋನ್ ಹಚ್ಚು. ಅದು ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಸೋಮವಾರ ನಿಮ್ಮಪ್ಪ ಮೆಣಸಿನಕಾಯಿ ಪೇಟೆಗೆ ಬರುತ್ತಾನಲ್ಲ, ಅವನ ಸಂಗಡ ನೀನೂ ಬಾ. ಆ ಬಚ್ಚಲು ಇನ್ನೂ ಹಾಗೇ ಇದೆ. ಒಳಗಿನ ಚಿಲಕ ಮಾತ್ರ ತೆಗೆಸಿದ್ದೇನೆ.

ನಿನ್ನ
ದೊಡ್ಡವ್ವ