ನಮ್ಮ ಬಡಾವಣೆಯ ಬೀದಿಮರಗಳು

ಮಹಾಲಕ್ಷ್ಮಿ ಲೇಔಟಿನಲ್ಲಿ ನಮ್ಮ ಮನೆಯಿರುವ ಅಡ್ಡರಸ್ತೆಯ ಮೂಲೆಯಲ್ಲಿ ಒಂದು ಹೊಂಗೆಯ ಮರವಿದೆ. ಅದರ ವಯಸ್ಸೆಷ್ಟೆಂದು ಬೀದಿಯಲ್ಲಿ ಯಾರಿಗೂ ಖಚಿತವಾಗಿ ತಿಳಿಯದು. ನಮ್ಮ ತಂದೆಯವರು ಈ ಮನೆಗೆ ಬಂದಾಗಲೇ ಅದು ಮಾಳಿಗೆಯೆತ್ತರ ಬೆಳೆದಿತ್ತಂತೆ. ಬೆಳಿಗ್ಗೆ ಆರು ಗಂಟೆಗೆ ಸೊಪ್ಪು ಮಾರುವ ಅಜ್ಜಿಯೊಬ್ಬರು ಅದರ ಬುಡದಲ್ಲಿ ಗೋಣಿತಾಟು ಹಾಸಿಕೊಂಡು ಕೂಡುವರು. ಅವರು ಎದ್ದುಹೋದ ಮೇಲೆ ಆಟೋದವರು ಬಂದು ನಿಲ್ಲುವರು; ಸಂಜೆಯಾದರೆ ಹುಡುಗರ ಕ್ರಿಕೆಟ್ಟಿಗೆ ಅದೇ ವಿಕೆಟ್ಟು. ಹೀಗೆ ಒಂದು ಮರ ದಿನಕ್ಕೆ ಮೂರು ಸಂಸಾರ ನಡೆಸುವುದನ್ನು ನಾನು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇನೆ. ನೋಡಿದೆನೇ ಹೊರತು ಅದರ ವಿಷಯವಾಗಿ ಯೋಚಿಸಿದವನಲ್ಲ.

ಯೋಚಿಸುವ ಸಂದರ್ಭ ೨೦೨೫ರ ಯುಗಾದಿಯ ಹೊತ್ತಿಗೆ ಬಂತು. ಅದರ ಹಿಂದಿನ ವರ್ಷ ಕಾಲುದಾರಿ ಸರಿಮಾಡುವಾಗ ಕಾಮಗಾರಿಯವರು ಮರದ ಬುಡಕ್ಕೆ ತಾಗುವಂತೆ ಸಿಮೆಂಟು ಸುರಿದು ಹೋಗಿದ್ದರು. ಯುಗಾದಿಗೆ ಎಳೆಯ ಚಿಗುರಿನಿಂದ ಮಿರುಗಬೇಕಾದ ಮರ ಒಂದು ಮಗ್ಗುಲಲ್ಲಿ ಬೋಳಾಗಿಯೇ ನಿಂತಿತು. ಒಣಗಿದ ಮರ, ಕಾರಿನ ಮೇಲೆ ಬೀಳುತ್ತದೆ, ಮೊದಲು ಕಡಿಸಿಬಿಡಬೇಕು ಎಂದು ಬೀದಿಯಲ್ಲಿ ಮಾತು ಹುಟ್ಟಿತು. ಕಡಿಯುವವರು ಬಂದು ನೋಡಿಕೊಂಡು ಹೋದರೆಂಬ ಸುದ್ದಿಯೂ ಬಂತು. ಸೊಪ್ಪಿನ ಅಜ್ಜಿ ಒಂದು ಬೆಳಿಗ್ಗೆ ನನ್ನನ್ನು ಕರೆದು, “ಈ ಮರ ಹೋದ್ರೆ ನಾನೆಲ್ಲಿ ಕೂತ್ಕಳ್ಳಿ ಮಗಾ? ನೀನು ಕಾಲೇಜು ಓದೋನು, ಯಾರಿಗಾದ್ರೂ ಒಂದು ಕಾಗ್ದ ಬರೀಬಾರ್ದಾ?” ಎಂದರು. ರಾಜ್ಯಶಾಸ್ತ್ರವನ್ನು ಐಚ್ಛಿಕವಾಗಿ ಓದುತ್ತಿರುವ ನನಗೆ ಆ ಕಾಗದವನ್ನು ಯಾರ ಹೆಸರಿಗೆ ಬರೆಯಬೇಕೆಂಬುದೇ ಗೊತ್ತಿರಲಿಲ್ಲ. ಅದನ್ನು ತಿಳಿಯಲು ಹೊರಟು ನಾನು ಕಲಿತದ್ದನ್ನು ಸಹಪಾಠಿಗಳ ಮತ್ತು ಅಧ್ಯಾಪಕರ ಮುಂದೆ ಇಡುತ್ತಿದ್ದೇನೆ. ನಿಮ್ಮ ನಿಮ್ಮ ಬೀದಿಗಳಲ್ಲಿಯೂ ಇಂಥ ಕಾಗದ ಬರೆಯುವ ಪ್ರಸಂಗ ಬಂದೀತು.

ಮೊದಲು ಈ ಮರಗಳು ಬಂದ ಬಗೆ. ಬೆಂಗಳೂರಿನ ಬೀದಿಮರಗಳೆಂದೊಡನೆ ಕೃಂಬಿಗಲ್ಲರ ಹೆಸರನ್ನು ಹೇಳುವುದು ವಾಡಿಕೆ. ೧೯೦೮ರಲ್ಲಿ ಲಾಲ್‌ಬಾಗಿನ ಅಧಿಕಾರ ವಹಿಸಿಕೊಂಡ ಈ ಜರ್ಮನ್ ಸಸ್ಯಶಾಸ್ತ್ರಜ್ಞರು ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಜಾತಿ ಅರಳುವಂತೆ ರಸ್ತೆಗಳಿಗೆ ಮರಗಳನ್ನು ಆರಿಸಿದರು. ಆದರೆ ಅವರ ಮರಗಳಿರುವುದು ಹಳೆಯ ಊರಿನಲ್ಲಿ. ಊರು ಹೊರಕ್ಕೆ ಬೆಳೆದು ಬಡಾವಣೆಯ ಮೇಲೆ ಬಡಾವಣೆ ಎದ್ದ ಮೇಲೆ ಬೀದಿಗಳಿಗೆ ನೆರಳು ತಂದವರ ಹೆಸರು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರು ಅರಣ್ಯಾಧಿಕಾರಿ ಸೇತುರಾಂ ಗೋಪಾಲರಾವ್ ನೇಗಿನಹಾಳ. ಗುಂಡೂರಾಯರು ಮುಖ್ಯಮಂತ್ರಿಗಳಾಗಿದ್ದ ೧೯೮೨ರಲ್ಲಿ ಊರನ್ನು ಹಸಿರು ಮಾಡುವ ಕೆಲಸ ಇವರ ಪಾಲಿಗೆ ಬಂದು, ಐದಾರು ವರ್ಷಗಳಲ್ಲಿ ಸುಮಾರು ೧೫ ಲಕ್ಷ ಸಸಿಗಳನ್ನು ನೆಡಿಸಿದರು. ಬೊಗಸೆಯಗಲದ ಸಸಿಯನ್ನು ಗುಂಡಿಗಿಟ್ಟು ಕೈತೊಳೆದುಕೊಳ್ಳುವ ಪದ್ಧತಿ ಅವರದಲ್ಲ. ಎತ್ತರಕ್ಕೆ ಬೆಳೆಸಿದ ಸಸಿಗಳನ್ನೇ ತಂದು ನೆಟ್ಟು, ದನಕರು ಬಾಯಿ ಹಾಕದಂತೆ ಸುತ್ತ ಬೇಲಿಗೂಡು ಕಟ್ಟಿಸಿ, ಬೀದಿಯ ಜನರನ್ನೂ ಅದರ ಕಾವಲಿಗೆ ಸೇರಿಸಿಕೊಂಡರು. ೨೦೨೧ರಲ್ಲಿ ತಮ್ಮ ೯೨ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ನಮ್ಮ ಮೂಲೆಯ ಹೊಂಗೆಯೂ ಆ ಕಾಲದ್ದೇ ಇರಬೇಕೆಂದು ನನ್ನ ಊಹೆ. ಊಹೆಯೆಂದೇ ವಾಚಕರು ತಿಳಿಯತಕ್ಕದ್ದು.

ನೆರಳಿನ ಬೆಲೆಯನ್ನು ಅಳೆದವರೂ ಇದ್ದಾರೆ. ಹರಿಣಿ ನಾಗೇಂದ್ರ ಮತ್ತು ಅವರ ಸಹೋದ್ಯೋಗಿಗಳು ಬೆಂಗಳೂರಿನಲ್ಲಿ ಮರವಿರುವ ರಸ್ತೆಯ ತುಂಡನ್ನೂ ಮರವಿಲ್ಲದ ತುಂಡನ್ನೂ ಹೋಲಿಸಿ ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಧ್ಯಾಹ್ನದ ಗಾಳಿಯ ಉಷ್ಣತೆ ಮರದಡಿಯಲ್ಲಿ ೫.೬ ಡಿಗ್ರಿಯವರೆಗೂ, ಡಾಂಬರಿನ ಮೈಯ ಉಷ್ಣತೆ ೨೭.೫ ಡಿಗ್ರಿಯವರೆಗೂ ಕಡಿಮೆಯಿದ್ದುದು ಕಂಡಿದೆ. ಸೊಪ್ಪಿನ ಅಜ್ಜಿಗೆ ಈ ಅಂಕಿಗಳು ಬೇಕಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ದಂಟಿನ ಕಟ್ಟು ಎಷ್ಟು ಬೇಗ ಬಾಡುವುದೆಂಬ ಲೆಕ್ಕ ಅವರಿಗುಂಟು. ಅರ್ಜಿ ಬರೆಯುವವನಿಗೆ ಮಾತ್ರ ಇವು ಬಹಳ ಉಪಯೋಗಕ್ಕೆ ಬರುವುವು.

ಇನ್ನು ಕಾನೂನು. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ೧೯೭೬ರಲ್ಲಿ ಜಾರಿಗೆ ಬಂತು. ಇದರ ಸಾರವನ್ನು ತಿಳಿದ ದಿನ ನನಗೆ ನಿಜವಾಗಿ ಆಶ್ಚರ್ಯವಾಯಿತು. ಬೀದಿಯ ಮರವಿರಲಿ, ನಮ್ಮದೇ ಹಿತ್ತಲಿನ ಮರವನ್ನಾದರೂ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ತೆಂಗು, ಗಾಳಿಮರ, ನೀಲಗಿರಿ, ಸಿಲ್ವರ್ ಓಕ್ ಮೊದಲಾದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿಯುಂಟು. ಅನುಮತಿ ಸಿಕ್ಕವನು ಬದಲಿಗೆ ಬೇರೆ ಸಸಿಗಳನ್ನು ನೆಡಬೇಕು. ಸಾರ್ವಜನಿಕ ಕೆಲಸಕ್ಕಾಗಿ ೫೦ಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದರೆ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆಯನ್ನು ಕೇಳಬೇಕು. ೫೧ಕ್ಕೆ ಪ್ರಕಟಣೆ, ೪೯ಕ್ಕೆ ಮೌನ. ಒಂಟಿ ಮರದ ಗತಿ ಏನು ಎಂದು ನಮ್ಮ ಗೆಳೆಯನೊಬ್ಬ ಕೇಳಿದ. ಒಂಟಿ ಮರಕ್ಕೆ ಅದರ ಕೆಳಗೆ ಕೂಡುವವರೇ ಪ್ರಕಟಣೆ ಎಂದು ನಾನು ಉತ್ತರ ಕೊಟ್ಟೆ.

ಅಂತೂ ಕಾಗದವನ್ನು ವೃಕ್ಷಾಧಿಕಾರಿಗೆ ಬರೆಯಬೇಕೆಂದು ತಿಳಿಯಿತು. ಆಗ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಆಡಳಿತವಿತ್ತು. ೨೦೨೫ರ ಸೆಪ್ಟೆಂಬರಿನಲ್ಲಿ ಅದು ಹೋಗಿ ಐದು ನಗರ ಪಾಲಿಕೆಗಳಾದುವು. ನಮ್ಮ ಬಡಾವಣೆ ಪಶ್ಚಿಮ ಪಾಲಿಕೆಗೆ ಸೇರಿತು. ಆದ್ದರಿಂದ ಈಗ ಬರೆಯುವವರು ವಿಳಾಸವನ್ನು ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು. ಕಾಗದದ ಜೊತೆಗೆ ೨೦೦೫ರ ಮಾಹಿತಿ ಹಕ್ಕಿನ ಅಧಿನಿಯಮದ ಪ್ರಕಾರ ಹತ್ತು ರೂಪಾಯಿ ಶುಲ್ಕ ಕಟ್ಟಿ, ಈ ಮರವನ್ನು ಕಡಿಯಲು ಯಾರಾದರೂ ಅನುಮತಿ ಪಡೆದಿದ್ದಾರೆಯೇ ಎಂದು ಕೇಳಿದೆವು. ಮರದ ಪರ ನಿಲ್ಲುವವನಿಗೆ ಈ ಹತ್ತು ರೂಪಾಯಿಗಿಂತ ಅಗ್ಗದ ಆಯುಧ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಮರದ ಬುಡದ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಲಿ ೨೦೧೩ರಲ್ಲಿ ದೆಹಲಿಯ ಮಟ್ಟಿಗೆ ಮಾಡಿದ ಆದೇಶವನ್ನೂ ಕಾಗದದಲ್ಲಿ ಸೂಚಿಸಿದೆವು. ದೆಹಲಿಯ ಆದೇಶ ನಮ್ಮ ಊರನ್ನು ಕಟ್ಟಿಹಾಕದು. ಆದರೆ ಬೇರಿನ ಶಾಸ್ತ್ರ ಎರಡೂ ಊರಿಗೆ ಒಂದೇ ಅಲ್ಲವೇ?

ಕೆಲವು ವಾರಗಳ ಮೇಲೆ ಉತ್ತರ ಬಂತು: ಅನುಮತಿಯನ್ನು ಯಾರೂ ಕೇಳಿಲ್ಲ, ಯಾರಿಗೂ ಕೊಟ್ಟಿಲ್ಲ. ಆಮೇಲೆ ಇಬ್ಬರು ಬಂದು, ಕಾಂಡವನ್ನು ಕೊಡತಿಯಿಂದ ತಟ್ಟಿ ನೋಡಿ, ಒಣಗಿದ ಎರಡು ಕೊಂಬೆಗಳನ್ನು ಮಾತ್ರ ತೆಗೆಸಿದರು. “ಮರ ಸತ್ತಿಲ್ಲ, ಉಸಿರು ಕಟ್ಟಿದೆ ಅಷ್ಟೇ. ಬುಡ ಬಿಡಿಸಿ” ಎಂದು ಹೇಳಿಹೋದರು. ಒಂದು ಭಾನುವಾರ ಪಕ್ಕದ ಬೀದಿಯ ಗಾರೆ ಮೇಸ್ತ್ರಿಯವರು ಉಳಿ, ಸುತ್ತಿಗೆ ತಂದರು. ನಾವು ನಾಲ್ವರು ಹುಡುಗರು ಕೈಗೂಡಿಸಿದೆವು. ಸಿಮೆಂಟಿನ ಅಡಿಯ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಆ ಸಂಜೆ ಹತ್ತು ಬಿಂದಿಗೆ ನೀರು ಸುರಿದರೂ ಮಣ್ಣು ಇನ್ನೂ ಬೇಕೆನ್ನುವಂತೆ ಕುಡಿಯುತ್ತಲೇ ಇತ್ತು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತೆಂದು ನಾನೂ ಎಣಿಸಿದ್ದೆ. ಆದರೆ ಅದೇ ಜುಲೈಯಲ್ಲಿ ನಡೆದ ಇನ್ನೊಂದು ಸಂಗತಿಯಿಂದ ನನ್ನ ಅಧ್ಯಯನ ಬೇರೆ ದಾರಿ ಹಿಡಿಯಿತು. ವನಮಹೋತ್ಸವಕ್ಕೆಂದು ಹೊರಗಿನ ಸಂಘವೊಂದರವರು ನಮ್ಮ ಬೀದಿಯಲ್ಲಿ ಐದು ಸಸಿಗಳನ್ನು ನೆಟ್ಟರು. ಭಾಷಣವಾಯಿತು, ಪಟ ತೆಗೆದರು, ಮಕ್ಕಳಿಗೆ ಬಿಸ್ಕತ್ತು ಹಂಚಿದರು. ೨೦೨೬ರ ಮಾರ್ಚಿಗೆ ಐದರಲ್ಲಿ ನಾಲ್ಕು ಒಣಗಿದ್ದುವು. ಬೇಲಿಗೆ ಕಟ್ಟಿದ್ದ ಹೆಸರಿನ ಹಲಗೆಗಳು ಮಾತ್ರ ಐದೂ ನೆಟ್ಟಗೆ ನಿಂತಿದ್ದುವು.

ವನಮಹೋತ್ಸವವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ೧೯೫೦ರಲ್ಲಿ ಕೇಂದ್ರದ ಆಹಾರ ಮತ್ತು ಕೃಷಿ ಮಂತ್ರಿಗಳಾಗಿದ್ದ ಕೆ. ಎಂ. ಮುನ್ಷಿಯವರು ಅದನ್ನು ಆರಂಭಿಸಿ, ಮಳೆ ಹಿಡಿಯುವ ಜುಲೈ ಮೊದಲ ವಾರವನ್ನು ಗೊತ್ತುಮಾಡಿದರು. ಬೆಂಗಳೂರಿಗೆ ಇದು ಒಳ್ಳೆಯ ಕಾಲವೇ. ಸೆಪ್ಟೆಂಬರ್, ಅಕ್ಟೋಬರಿನ ದೊಡ್ಡ ಮಳೆ ಸಸಿಗೆ ಸಿಕ್ಕುವುದು. ತೊಂದರೆಯಿರುವುದು ಡಿಸೆಂಬರಿನಿಂದ ಯುಗಾದಿಯವರೆಗಿನ ನಾಲ್ಕು ತಿಂಗಳಲ್ಲಿ. ಆ ನಾಲ್ಕು ತಿಂಗಳಿಗೆ ಯಾವ ಹಬ್ಬವೂ ಇಲ್ಲ. ಆಗ ಸಸಿಗೆ ಬೇಕಾದ್ದು ವಾರಕ್ಕೆರಡು ಸಲ ನೀರು ಹೊರುವ ಒಬ್ಬ ಮನುಷ್ಯ.

ಆ ಮನುಷ್ಯನ ಕೂಲಿ ಎಲ್ಲಿಂದ ಬರಬೇಕು? ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರ ಸೂಚನೆಯಂತೆ ಈ ಒಂದು ಪ್ರಶ್ನೆಯನ್ನಿಟ್ಟುಕೊಂಡು ಹಣದ ದಾರಿಗಳನ್ನು ಹುಡುಕಿದೆ. ಹಣವೇ ಇಲ್ಲವೆಂದು ಹೇಳಲಾಗದು. ೨೦೧೩ರ ಕಂಪನಿ ಅಧಿನಿಯಮದ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡಬೇಕು. ಪರಿಸರವೂ ಆ ಪಟ್ಟಿಯಲ್ಲಿದೆ. ಕೇಂದ್ರ ಸರ್ಕಾರ ೨೦೨೦ರಲ್ಲಿ ನಗರವನ ಯೋಜನೆಯನ್ನು ಹೂಡಿ ಹೆಕ್ಟೇರಿಗೆ ನಾಲ್ಕು ಲಕ್ಷ ರೂಪಾಯಿಯಂತೆ ನೆರವಿತ್ತಿತು. ಆದರೆ ಅದರಲ್ಲಿ ಅತಿ ಚಿಕ್ಕದೆಂದರೆ ಒಂದು ಹೆಕ್ಟೇರಿನ ತೋಪು. ಮೂವತ್ತಡಿ ರಸ್ತೆಯಲ್ಲಿ ಹೆಕ್ಟೇರನ್ನು ಎಲ್ಲಿಂದ ತರುವುದು? ಬೀದಿಮರವೆಂದರೆ ಅಲ್ಲೊಂದು ಇಲ್ಲೊಂದು ನಿಂತಿರುವ ಕಾಡು. ಯೋಜನೆಯ ಬಲೆಯ ಕಣ್ಣಿಗೆ ಅದು ಸಿಕ್ಕುವುದಿಲ್ಲ.

ಅಮೆರಿಕದಲ್ಲಿ ‘ವೃಕ್ಷನಗರ’ ಎಂಬ ಬಿರುದನ್ನು ಊರುಗಳಿಗೆ ಕೊಡುವ ಕ್ರಮವೊಂದುಂಟು. ಅದು ಶುರುವಾದದ್ದೂ ನಮ್ಮ ಅಧಿನಿಯಮ ಬಂದ ೧೯೭೬ರಲ್ಲಿಯೇ. ಮರಗಳಿಗೆ ಹೊಣೆಯಾದ ಒಂದು ಮಂಡಲಿ, ಒಂದು ಕಾನೂನು, ವರ್ಷಕ್ಕೊಂದು ವೃಕ್ಷದಿನ, ಮತ್ತು ಊರಿನ ಜನಸಂಖ್ಯೆಯ ತಲೆಗೆ ಕಡಮೆಯೆಂದರೆ ಎರಡು ಡಾಲರಿನಷ್ಟು ಮರದ ವೆಚ್ಚ, ಇಷ್ಟಿದ್ದರೆ ಆ ಬಿರುದು. ಇದನ್ನು ನಮ್ಮೂರಿಗೆ ಹಚ್ಚಿ ನೋಡಿದೆ. ವೃಕ್ಷ ಪ್ರಾಧಿಕಾರ ಕಾನೂನಿನಲ್ಲೇ ಇದೆ, ಕಾನೂನು ಇದೆ, ವೃಕ್ಷದಿನವಂತೂ ಒಂದು ವಾರವೇ ಇದೆ. ತಲೆಗಿಷ್ಟೆಂದು ಹಣ ಗೊತ್ತುಮಾಡಿದ ಮಾತು ಮಾತ್ರ ನಮ್ಮ ಅಧಿನಿಯಮದಲ್ಲಿಲ್ಲ.

ಹಾಗೆಂದು ಪರದೇಶದ ಕಡೆಗೇ ನೋಡಬೇಕಾಗಿಲ್ಲ. ನಮ್ಮ ಅರಣ್ಯ ಇಲಾಖೆಯವರೇ ೨೦೧೧ರಿಂದ ರೈತರಿಗಾಗಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ನಡೆಸಿದ್ದಾರೆ. ಅದರ ಜಾಣತನವನ್ನು ಗಮನಿಸಬೇಕು. ನೆಟ್ಟದ್ದಕ್ಕೆ ಅಲ್ಲಿ ಕಾಸಿಲ್ಲ, ಬದುಕಿದ್ದಕ್ಕೆ ಕಾಸು. ಮೊದಲು ಮೂರು ವರ್ಷಕ್ಕೆ ಸಸಿಯೊಂದಕ್ಕೆ ಒಟ್ಟು ೪೫ ರೂಪಾಯಿ ಇದ್ದದ್ದು ಮುಂದೆ ೧೦೦ ಆಗಿ, ಆಮೇಲೆ ೧೨೫ ಆಯಿತು: ಮೊದಲ ವರ್ಷದ ಕೊನೆಗೆ ಸಸಿ ಬದುಕಿದ್ದರೆ ೩೫, ಎರಡನೆಯ ವರ್ಷಕ್ಕೆ ೪೦, ಮೂರನೆಯ ವರ್ಷಕ್ಕೆ ೫೦. ವರ್ಷ ಕಳೆದಂತೆ ಮೊತ್ತ ಏರುವುದರಿಂದ ರೈತ ಸಸಿಯನ್ನು ನಡುವೆ ಕೈಬಿಡುವುದಿಲ್ಲ. ಬೀದಿಮರಕ್ಕೂ ಇದೇ ನಿಯಮ ಏಕೆ ಬರಬಾರದು? ಸಂಘಸಂಸ್ಥೆಗಳಿಗೆ ದಾನ ಕೊಡುವ ಕಂಪನಿಗಳು ಜುಲೈಯಲ್ಲಿ ಪಟ ನೋಡಿ ಕೊಡುವ ಬದಲು ಮೂರನೆಯ ಯುಗಾದಿಗೆ ಮರ ನೋಡಿ ಕೊಟ್ಟರೆ, ನೀರು ಹೊರುವವನ ಕೂಲಿ ತಾನಾಗಿ ಹುಟ್ಟುವುದೆಂದು ನನಗೆ ತೋರುತ್ತದೆ.

ಜನ ಸೇರಿದ ಸಂದರ್ಭಗಳನ್ನು ನೋಡಿದರೂ ಇದೇ ವಿಷಯ ಕಾಣುವುದು. ೧೯೮೩ರ ಸೆಪ್ಟೆಂಬರ್ ೮ರಂದು ಶಿರಸಿಯ ಸೀಮೆಯಲ್ಲಿ ಆರಂಭವಾದ ಅಪ್ಪಿಕೋ ಚಳುವಳಿಯವರು ‘ಉಳಿಸು, ಬೆಳೆಸು, ಬಳಸು’ ಎಂದರು. ಉಳಿಸುವುದನ್ನು ಅವರು ಮೊದಲಿಗಿಟ್ಟದ್ದು ಆಕಸ್ಮಿಕವಲ್ಲ. ೨೦೧೬ರ ಅಕ್ಟೋಬರ್ ೧೬ರಂದು ಬೆಂಗಳೂರಿನವರು ಉಕ್ಕಿನ ಮೇಲ್ಸೇತುವೆ ಬೇಡವೆಂದು ಬಸವೇಶ್ವರ ವೃತ್ತದಿಂದ ಹೆಬ್ಬಾಳದ ಕಡೆಗೆ ಕೈಕೈ ಹಿಡಿದು ನಿಂತರು. ೮೧೨ ಮರಗಳು ಹೋಗಬೇಕಾಗಿದ್ದ ಆ ಯೋಜನೆಯನ್ನು ಸರ್ಕಾರ ೨೦೧೭ರ ಮಾರ್ಚಿಯಲ್ಲಿ ಕೈಬಿಟ್ಟಿತು. ಜಗಳವಿಲ್ಲದ ಹಬ್ಬವೂ ಒಂದುಂಟು: ೨೦೧೪ರ ಫೆಬ್ರವರಿಯಲ್ಲಿ ನಾಗರಿಕರೇ ಚಂದಾ ಕೂಡಿಸಿ ‘ನೆರಳು’ ಎಂಬ ವೃಕ್ಷಹಬ್ಬವನ್ನು ನಡೆಸಿ, ಮರಗಳನ್ನು ಗುರುತಿಸುತ್ತ ನಡೆಯುವುದನ್ನು ಕಲಿಸಿದರು. ಹೆಸರು ತಿಳಿದ ಮರವನ್ನು ಕಡಿಸುವುದು ಕಷ್ಟ. ನಮ್ಮ ಬೀದಿಯ ಮಕ್ಕಳಿಗೆ ನಾನು ಈಗ ಹೊಂಗೆ, ಬೇವು, ಆಕಾಶಮಲ್ಲಿಗೆ, ಮಳೆಮರಗಳನ್ನು ಎಲೆ ನೋಡಿ ಹೇಳಲು ಕಲಿಸುತ್ತಿದ್ದೇನೆ. ಸಂಶಯ ಬಂದರೆ ಮಲ್ಲೇಶ್ವರದ ೧೮ನೆಯ ಅಡ್ಡರಸ್ತೆಯಲ್ಲಿ, ೧೯೩೮ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಹುಟ್ಟಿದ ಮರ ವಿಜ್ಞಾನ ಸಂಸ್ಥೆ ನಮಗೆ ಸಮೀಪದಲ್ಲೇ ಇದೆ.

ಸಾಲುಮರದ ತಿಮ್ಮಕ್ಕನವರು ೨೦೨೫ರ ನವೆಂಬರ್ ೧೪ರಂದು ತೀರಿಕೊಂಡರು. ಮುಂದಿನ ತಿಂಗಳು ನಾವು ಮೂವರು ಮಾಗಡಿಯ ಮಾರ್ಗವಾಗಿ ಹೋಗಿ ಹುಲಿಕಲ್ಲಿಗೂ ಕುದೂರಿಗೂ ನಡುವಣ ಆಲದ ಸಾಲನ್ನು ನೋಡಿ ಬಂದೆವು. ೩೮೫ ಮರಗಳೆಂದು ಪತ್ರಿಕೆಗಳಲ್ಲಿ ಓದಿದ್ದೆ. ನೆರಳಲ್ಲಿ ನಡೆಯುತ್ತ ಎಣಿಕೆ ತಪ್ಪಿಹೋಯಿತು. ಆ ದಂಪತಿಗಳು ಕೊಂಬೆ ನೆಟ್ಟದ್ದಕ್ಕಿಂತ, ಬೇಸಗೆಯಲ್ಲಿ ಮೈಲುಗಟ್ಟಲೆ ಬಿಂದಿಗೆ ಹೊತ್ತು ನೀರೆರೆದು, ಮುಳ್ಳುಬೇಲಿ ಕಟ್ಟಿ ಕಾದದ್ದೇ ದೊಡ್ಡದೆಂದು ಅಲ್ಲಿ ನಿಂತಾಗ ಅರಿವಾಯಿತು. ಕೂಲಿ ಮಾಡಿ ಬದುಕಿದವರು ಈ ಕೆಲಸಕ್ಕೆ ಕೂಲಿ ಕೇಳಲಿಲ್ಲ. ಆದರೆ ಪ್ರತಿಯೊಂದು ಬೀದಿಗೂ ಒಬ್ಬ ತಿಮ್ಮಕ್ಕ ಹುಟ್ಟಿಬರಲೆಂದು ಕಾಯುತ್ತ ಕೂಡುವುದು ಆಡಳಿತದ ಲಕ್ಷಣವಲ್ಲ.

ಹಿಂತಿರುಗಿದ ಮೇಲೂ ನಾವು ಪರೀಕ್ಷೆಯ ಗಡಿಬಿಡಿಯಲ್ಲಿ ಆ ಐದು ಸಸಿಗಳ ಕಡೆ ನೋಡದೆ ಹೋದುದನ್ನು ಒಪ್ಪಿಕೊಳ್ಳಬೇಕು. ಮಾರ್ಚಿಯಲ್ಲಿ ಉಳಿದಿದ್ದುದು ನೇರಳೆ ಒಂದೇ. ಅದೂ ಬದುಕಿದ್ದು ಅಜ್ಜಿ ಸೊಪ್ಪಿಗೆ ಚಿಮುಕಿಸಿ ಮಿಕ್ಕ ನೀರನ್ನು ದಿನವೂ ಅದಕ್ಕೆ ಸುರಿಯುತ್ತಿದ್ದುದರಿಂದ. ಈಗ ಬೀದಿಯ ಏಳು ಮನೆಗಳವರು ವಾರಕ್ಕೊಂದು ಸರದಿಯಂತೆ ನೀರಿನ ಪಾಳಿ ಹಾಕಿಕೊಂಡಿದ್ದೇವೆ. ಹೊಂಗೆಯ ಬೋಳು ಮಗ್ಗುಲಲ್ಲಿ ಈ ಯುಗಾದಿಗೆ ಮೂರು ಕೊಂಬೆ ಚಿಗುರಿವೆ, ಒಂದು ಇನ್ನೂ ಇಲ್ಲ. ಬರುವ ಗುರುವಾರ ನಮ್ಮ ಮನೆಯ ಪಾಳಿ.